ಮೂರಾಳಿನ ಮುಯ್ಯಿ

ಪಂಚನಹಳ್ಳಿ
4 ಆಗಸ್ಟ್ 2025

ವನಜಾಕ್ಷಿಗೆ,

ಹೇಮಾವತಿ ಬರೆಯುವುದು. ಹರಿದು ಹಾಕಬೇಡ. ಪೂರ್ತಿ ಓದಿ, ಆಮೇಲೆ ಬೇಕಾದರೆ ಹರಿ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಪಕ್ಷದ ವಾಟ್ಸಾಪ್ ಗುಂಪಿನಿಂದ ಎದ್ದು ಹೋಗಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಸೌಲಭ್ಯ ನಿಮ್ಮ ಶಿವನಿ ಊರಿಗೆ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ.

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿಯೇ ಇರುತ್ತೀಯ, ಸಿಟ್ಟಿನವರಿಗೆ ಆಯಸ್ಸು ಜಾಸ್ತಿ. ನಾಲ್ಕು ತಿಂಗಳಾಯಿತಲ್ಲೇ ಮಾರಾಯ್ತಿ, ಇನ್ನೂ ಎಷ್ಟು ದಿನ? ತರೀಕೆರೆಯ ಸಭೆಯಲ್ಲಿ ನಾನು ಅಂಥದ್ದೇನು ಹೇಳಿದೆ? ಬಡ ದೇಶಗಳ ಜೊತೆ ನಮ್ಮ ದೇಶ ನಿಲ್ಲಬೇಕು, ಅವುಗಳ ಸಾಲ ಬಿಡಿಸಬೇಕು, ಬೀಜ ಕೊಡಬೇಕು, ಅವರ ದಾದಿಯರಿಗೆ ತರಬೇತಿ ಕೊಡಬೇಕು, ಇದೆಲ್ಲ ನಮ್ಮ ಸಮಪಾಲು ಪಕ್ಷದ ಪ್ರಣಾಳಿಕೆಗೆ ಸೇರಬೇಕು ಎಂದು ನೀನು ಪ್ರಸ್ತಾಪ ಓದಿದೆ. ನಾನು ಮೈಕು ಹಿಡಿದು, "ಮೊದ್ಲು ನಿಮ್ಮ ಶಿವನಿ ಊರಿಗೆ ಸಂಜೆ ಬಸ್ ಬರ್ಲಿ ಕಣಮ್ಮ, ಆಮೇಲೆ ಆಫ್ರಿಕಾಕ್ಕೆ ಹೋಗೋಣ. ಮನೆಗೆ ಮಾರಿ, ಪರರಿಗೆ ಉಪಕಾರಿ ಆಗೋದು ಬ್ಯಾಡ" ಅಂದೆ. ಜನ ನಕ್ಕರು. ನಗದೆ ಇನ್ನೇನು ಅಳುತ್ತಾರೆಯೇ? ನೀನು ಕಾಗದ ಮಡಚಿಕೊಂಡು ಹೋದವಳು ಹೋದೆ. ಬಸ್ಸಂತೂ ಇವತ್ತಿಗೂ ಬಂದಿಲ್ಲ, ಅಂದರೆ ನಾನು ಹೇಳಿದ್ದು ಸುಳ್ಳಲ್ಲ.

ಈಗ ಬರೆಯುತ್ತಿರುವ ವಿಷಯ ಬೇರೆ. ಹೋದ ವಾರ ಪಕ್ಷದ ರಾಜ್ಯ ಕಚೇರಿಯಿಂದ ಫೋನು. "ಹೇಮಕ್ಕಾ, ಮೂರು ಜನ ಹೆಣ್ಣುಮಕ್ಕಳು, ಎರಡು ದಿನ ಉಳ್ಕೊಳ್ಳೋಕೆ ನಿಮ್ಮನೇಲಿ ಜಾಗ ಇದ್ಯಾ?" ಎಂದರು. "ನಮ್ಮನೇಲಿ ಜಾಗಕ್ಕೇನು ಬರ, ಕಳ್ಸಿ" ಎಂದೆ. ಯಾವ ಊರಿನವರು ಎಂದು ಕೇಳಲಿಲ್ಲ. ಹಾಸನವೋ ತುಮಕೂರೋ ಇರಬೇಕು ಎಂದುಕೊಂಡೆ. ಮಾರನೆಯ ದಿನ ತಿಳಿಯಿತು, ಆಫ್ರಿಕಾದ ಮಲಾವಿ ದೇಶದವರು! ಅಲ್ಲಿನ ರೈತ ಹೆಂಗಸರ ಸಂಘಕ್ಕೂ ನಮ್ಮ ಪಕ್ಷಕ್ಕೂ ಸ್ನೇಹವಂತೆ. ನಮ್ಮ ಸಂಘ, ನಮ್ಮ ಹೊಲ ನೋಡುತ್ತಾರಂತೆ. ಸೆಪ್ಟೆಂಬರ್ ಮೊದಲ ವಾರ.

ನನ್ನ ಇಂಗ್ಲಿಷು ನಿನಗೆ ಗೊತ್ತೇ ಇದೆ. ಸೊಸೆ ಪ್ರಿಯಾಂಕಾ ಕಡೂರಿನ ಕಾನ್ವೆಂಟಿನಲ್ಲಿ ಪಾಠ ಮಾಡುತ್ತಾಳೆ, ಆದರೆ ಅವಳ ಇಂಗ್ಲಿಷು ಮಕ್ಕಳಿಗೆ ಸಾಕು, ದೊಡ್ಡವರಿಗೆ ಸಾಲದು ಎಂದು ಅವಳೇ ಹೇಳುತ್ತಾಳೆ. ನೀನು ಅಷ್ಟು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳು, ಆ ದೇಶಗಳ ಬಗ್ಗೆ ಓದಿದವಳು. ಬಾ. ಕಡೂರು ಸ್ಟೇಷನ್ನಿಗೆ ಗಾಡಿ ಕಳಿಸುತ್ತೇನೆ. ಬರದಿದ್ದರೆ ನನಗೇನೂ ನಷ್ಟವಿಲ್ಲ, ಪಕ್ಷದ ಮರ್ಯಾದೆ ಹೋಗುತ್ತದೆ ಅಷ್ಟೆ.

ನಿನ್ನ ಮೇಲೆ ಸಿಟ್ಟಿಲ್ಲದ
ಹೇಮಾ


ಶಿವನಿ
11 ಆಗಸ್ಟ್ 2025

ಶ್ರೀಮತಿ ಹೇಮಾವತಿಯವರಿಗೆ,

ನಿಮ್ಮ ಕಾಗದ ತಲುಪಿತು. ಹರಿದಿಲ್ಲ.

ನನಗೆ ಬರಲು ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮನಸ್ಸಿಲ್ಲ. ಕಾನ್ವೆಂಟಿನಲ್ಲಿ ಪಾಠ ಹೇಳುವ ಸೊಸೆ ಮನೆಯಲ್ಲೇ ಇರುವಾಗ ಇಂಗ್ಲಿಷಿಗೆ ನಾನೇಕೆ ಬೇಕು ಎಂಬುದೂ ತಿಳಿಯಲಿಲ್ಲ.

ಆದರೂ ಬರುವವರು ದೂರದವರು, ಅದಕ್ಕಾಗಿ ಒಂದೆರಡು ಮಾತು. ವೇದಿಕೆ ಕಟ್ಟಬೇಡಿ. ನಮ್ಮ ಮೂರು ತಾಲ್ಲೂಕಿನ ಅಧ್ಯಕ್ಷ ಸೋಮಶೇಖರಪ್ಪನವರು ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದು ಬರುತ್ತಾರೆ. ಆದಷ್ಟು ತಡೆಯಿರಿ. ನೀವು ಉಣ್ಣುವುದನ್ನೇ ಅವರಿಗೂ ಬಡಿಸಿ. ಮುಸುಕಿನ ಜೋಳದ ಹಿಟ್ಟಿನಲ್ಲಿ ನಮ್ಮ ಮುದ್ದೆಯಂಥದ್ದನ್ನೇ ಅವರು ದಿನಾ ಉಣ್ಣುತ್ತಾರೆ ಎಂದು ಓದಿದ್ದೇನೆ. ಏನು ನೋಡಬೇಕು ಎಂದು ಅವರನ್ನೇ ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಬಸ್ಸಿನ ವಿಷಯ. ಸಂಜೆ ಬಸ್ಸಿಗಾಗಿ ಡಿಪೋಗೆ ಅಲೆದವಳು ನಾನು, ನೀವಲ್ಲ. ಬಸ್ಸು ಕೇಳಿದವಳು ಇನ್ನೊಂದನ್ನು ಕೇಳಬಾರದು ಎಂದು ಯಾರು ಹೇಳಿದರು? ಇರುವ ಬಾಯಿ ಒಂದೇ ಆದರೂ ಎರಡನ್ನೂ ಕೇಳಬಹುದು.

ನವೆಂಬರ್ ಎರಡರಂದು ಕಡೂರಿನಲ್ಲಿ ಮೂರೂ ತಾಲ್ಲೂಕಿನ ಸಭೆ ಇದೆ. ನನ್ನ ಪ್ರಸ್ತಾಪ ಇರುತ್ತದೋ ಬೀಳುತ್ತದೋ ಅಲ್ಲಿ ತೀರ್ಮಾನ. ಬಿದ್ದರೆ ನಾನು ಪಕ್ಷದಲ್ಲಿ ಇರುವುದಿಲ್ಲ. ಇದು ಬೆದರಿಕೆಯಲ್ಲ, ತಿಳಿವಳಿಕೆಗಾಗಿ.

ಇಂತಿ,
ಎಂ. ಎಚ್. ವನಜಾಕ್ಷಿ


ಪಂಚನಹಳ್ಳಿ
9 ಸೆಪ್ಟೆಂಬರ್ 2025

ವನಜಾ,

'ಶ್ರೀಮತಿ'ಯಂತೆ, 'ನೀವು' ಅಂತೆ! ಒಂದೇ ಸ್ಲೇಟಿನಲ್ಲಿ ಬರೆದವಳಿಗೆ ನನ್ನನ್ನು ಬಹುವಚನದಲ್ಲಿ ಕರೆಯಲು ನಾಲಿಗೆ ಹೇಗೆ ತಿರುಗಿತೋ! ಇರಲಿ. ನಾನೀಗ ಎಂಥ ಫಜೀತಿಯಲ್ಲಿ ಸಿಕ್ಕಿದ್ದೇನೆ ಎಂದರೆ ಜಗಳಕ್ಕೂ ಪುರುಸೊತ್ತಿಲ್ಲ. ಕೇಳು.

ಅತಿಥಿಗಳು ಬರುವ ದಿನವೇ ನಮ್ಮ ರಾಗಿ ಹೊಲಕ್ಕೆ ಮುಯ್ಯಾಳು ಬರುವ ಸರದಿ ಬಿತ್ತು. ಮುಯ್ಯಿಯ ಕಟ್ಟಳೆ ನಿನಗೆ ಗೊತ್ತು. ಇವತ್ತು ನನ್ನ ಹೊಲಕ್ಕೆ ಎಲ್ಲರೂ, ನಾಳೆ ಇನ್ನೊಬ್ಬರ ಹೊಲಕ್ಕೆ ನಾನೂ ಸೇರಿ ಎಲ್ಲರೂ. ಗುಂಪಿಗೆ ಹಿರಿಯಳು ಈಗಲೂ ಆ ತಿಮ್ಮಕ್ಕನೇ. "ಮನೆಗೆ ನೆಂಟ್ರು ಬರ್ತವ್ರೆ, ಒಂದಿನ ಮುಂದಕ್ಕೆ ಹಾಕು ತಿಮ್ಮಕ್ಕ" ಎಂದು ಬೇಡಿಕೊಂಡೆ. "ನಿಮ್ಮನೆಗೆ ನೆಂಟ್ರು ಬಂದ್ರೆ ನಾಳೆ ನನ್ನ ಹೊಲದ ಕಳೆ ಕಾಯ್ತದಾ?" ಅಂದಳು. ಆಯಿತು, ಅತಿಥಿಗಳನ್ನೇ ಹೊಲಕ್ಕೆ ಕರೆದುಕೊಂಡು ಹೋಗೋಣ, ಬದುವಿನ ಮೇಲೆ ಕುರ್ಚಿ ಹಾಕಿ ಎಳನೀರು ಕೊಟ್ಟರೆ ನೋಡಿಕೊಂಡು ಕೂರುತ್ತಾರೆ ಎಂದುಕೊಂಡೆ.

ಎಲ್ಲಿ ಕೂತರು! ಮೂವರಲ್ಲಿ ಹಿರಿಯಳ ಹೆಸರು ಚಿಸೊಮೊ. ನಮ್ಮ ವಯಸ್ಸಿನವಳೇ, ನನಗಿಂತ ಗಟ್ಟಿಮುಟ್ಟು. ಎಳನೀರು ಕುಡಿದಳು, ಚಪ್ಪಲಿ ಬಿಟ್ಟಳು, ಸೀರೆಯಂತೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಮೇಲಕ್ಕೆ ಸಿಕ್ಕಿಸಿ ಹೊಲಕ್ಕೆ ಇಳಿದೇಬಿಟ್ಟಳು. ರಾಗಿ ಪೈರನ್ನು ಕೈಯಲ್ಲಿ ಸವರಿ ಇದು ನಮ್ಮಲ್ಲೂ ಬೆಳೆಯುತ್ತದೆ ಎಂದಳಂತೆ, ಪ್ರಿಯಾಂಕಾ ಹೇಳಿದಳು. ಅಷ್ಟು ಹೇಳಿ ತಿಮ್ಮಕ್ಕನ ಪಕ್ಕದ ಸಾಲು ಹಿಡಿದು ಕಳೆ ಕೀಳತೊಡಗಿದಳು. ಅವಳ ಹಿಂದೆ ಇನ್ನಿಬ್ಬರು. ನಾನು "ನೋ, ನೋ" ಎಂದು ಹಿಂದೆ ಹಿಂದೆ ಓಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಬಗ್ಗಿರುವಾಗ ತಾನು ಬದುವಿನ ಮೇಲೆ ಕೂತರೆ ತನ್ನೂರಿನಲ್ಲಿ ಆಡಿಕೊಳ್ಳುತ್ತಾರೆ ಎಂದಳಂತೆ.

ಬಿಸಿಲೇರುವ ಹೊತ್ತಿಗೆ ಸೋಮಶೇಖರಪ್ಪ ಶಾಲು, ಪೇಟ ಹಿಡಿದು, ಫೋಟೋದವನನ್ನು ಕರೆದುಕೊಂಡು ಬಂದ. ಅತಿಥಿಗಳ ಕೈಯೆಲ್ಲ ಮಣ್ಣು. ಈ ಸಾಲು ಮುಗಿಯದೆ ಬರುವುದಿಲ್ಲ ಎಂದುಬಿಟ್ಟರು. ಆ ಮನುಷ್ಯ ಒಂದು ಕೈಯಲ್ಲಿ ಪೇಟ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಬದುವಿನ ಮೇಲೆ ಬೆದರುಬೊಂಬೆಯಂತೆ ನಿಂತಿದ್ದ. ನೀನು ನೋಡಬೇಕಿತ್ತು ಕಣೇ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ನಾವು ಹೇಳಿಕೊಡುವ ಮೊದಲೇ ಮುರಿದು, ಉಂಡೆ ಮಾಡಿ, ಅದ್ದಿ ಬಾಯಿಗೆ ಹಾಕಿದರು. ಉಣ್ಣುತ್ತ ಚಿಸೊಮೊ ಒಂದು ಸಂಗತಿ ಹೇಳಿದಳು. ಅವಳ ಊರಿಗೆ ಯಾವುದೋ ಶ್ರೀಮಂತ ದೇಶದವರು ದೊಡ್ಡದೊಂದು ಟ್ರ್ಯಾಕ್ಟರ್ ದಾನ ಕೊಟ್ಟರಂತೆ. ಬೇಕೇ ಎಂದು ಯಾರೂ ಕೇಳಲಿಲ್ಲ. ಬಿಡಿಭಾಗವನ್ನು ಅದೇ ದೇಶದಿಂದಲೇ ತರಿಸಬೇಕಂತೆ. ಒಂದು ಮಳೆಗಾಲ ಓಡಿ ನಿಂತಿತು. ಈಗ ಅದರ ಸೀಟಿನ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತವೆ. "ಮೊಟ್ಟೆ ಚೆನ್ನಾಗಿವೆ, ದಾನ ಕೊಟ್ಟವರಿಗೆ ಪುಣ್ಯ ಬರಲಿ" ಎಂದು ಅವಳೇ ನಕ್ಕಳು. ನಾವೂ ನಕ್ಕೆವು. ನೀನು ಪ್ರಸ್ತಾಪದಲ್ಲಿ ಷರತ್ತಿಲ್ಲದೆ, ಕೇಳಿ ಕೊಡಬೇಕು ಎಂದೇನೋ ಓದಿದ್ದೆಯಲ್ಲ, ಆಗ ನೆನಪಾಯಿತು.

ಫಜೀತಿ ಶುರುವಾದದ್ದು ಆಮೇಲೆ. ಕೈ ತೊಳೆದು ಏಳುವಾಗ ತಿಮ್ಮಕ್ಕ, "ಹೇಮಾ, ನೆಪ್ಪಿಟ್ಕೋ. ಮೂರಾಳು" ಅಂದಳು.

"ಅಯ್ಯೋ, ಅವ್ರು ನೆಂಟ್ರು ಕಣಕ್ಕಾ!"

"ನೆಂಟ್ರು ನೆಳ್ಳಲ್ಲಿ ಕೂತ್ಕೋತಾರೆ. ಇವ್ರು ಸಾಲು ಹಿಡಿದ್ರು. ಸಾಲು ಹಿಡಿದೋರು ಮುಯ್ಯಾಳು."

ಸೀರೆ ಕೊಡುತ್ತೇನೆ ಎಂದೆ. ಅದು ಮಡಿಲಿಗೆ, ಮುಯ್ಯಿಗಲ್ಲ ಎಂದಳು. ಹಾಗಾದರೆ ಕೂಲಿ ಲೆಕ್ಕ ಹಾಕಿ ಕೊಡಲೇ ಎಂದು ಬಾಯಿ ತಪ್ಪಿ ಕೇಳಿದೆ. ಇಡೀ ಗುಂಪು ನನ್ನ ಮೇಲೆ ಬಿತ್ತು. "ಮುಯ್ಯಿಗೆ ಕೂಲಿ ಕೊಡ್ತೀಯಾ? ಮಾನ ಇಲ್ವಾ ನಿಂಗೆ?" ಮುಯ್ಯಿ ಉಳಿಸಿಕೊಂಡ ಮನೆಗೆ ಮುಂದಿನ ಸುತ್ತಿನಲ್ಲಿ ಯಾರೂ ಬರುವುದಿಲ್ಲವಂತೆ. ಪ್ರಿಯಾಂಕಾ ಇದನ್ನೆಲ್ಲ ಚಿಸೊಮೊಗೆ ತಿಳಿಸಿದರೆ ಅವಳು ಬಿದ್ದು ಬಿದ್ದು ನಕ್ಕಳು. ಅವರಲ್ಲೂ ಹೀಗೇ ಸುತ್ತು ಇದೆಯಂತೆ. "ಜನವರಿಯಲ್ಲಿ ನಮ್ಮ ಜೋಳದ ಹೊಲದಲ್ಲಿ ಕಳೆ ಬರುತ್ತದೆ, ಕಾಯುತ್ತಿರುತ್ತೇವೆ" ಎಂದು ಹೇಳಿ ವ್ಯಾನು ಹತ್ತಿ ಹೋದಳು.

ಈಗ ಹೇಳು ತಾಯಿ, ಸಮುದ್ರದಾಚೆಯ ಮುಯ್ಯಿಯನ್ನು ನಾನು ಹೇಗೆ ತೀರಿಸಲಿ? ನಗಬೇಡ.

ಹೇಮಾ


ಶಿವನಿ
20 ಸೆಪ್ಟೆಂಬರ್ 2025

ಹೇಮಾವತಿ,

ನಕ್ಕೆ. ಪಕ್ಕದ ಮನೆಯವರು ಏನಾಯಿತೆಂದು ಬಗ್ಗಿ ನೋಡಿದರು. ಆ ಪೇಟ ಹಿಡಿದ ಸೋಮಶೇಖರಪ್ಪನಿಗಾಗಿಯಾದರೂ ನಾನು ಬರಬೇಕಿತ್ತು.

ನೀವು ಕೇಳಿದ್ದಕ್ಕೆ ಉತ್ತರ ಹೇಳುವ ಮೊದಲು ಒಂದು ಮಾತು ಕೇಳುತ್ತೇನೆ. ನಮ್ಮ ಶಾಲೆಯ ಉಪ್ಪಿಟ್ಟು ನೆನಪಿದೆಯೇ? ಅಮೆರಿಕದಿಂದ ಬಂದ ಹಳದಿ ಹಿಟ್ಟಿನದು. ಚೀಲದ ಮೇಲೆ ಕೈ ಕುಲುಕುವ ಎರಡು ಕೈಗಳ ಚಿತ್ರ ಇತ್ತು. ಅದರಲ್ಲಿ ನಮ್ಮ ಕೈ ಯಾವುದು ಎಂದು ನಾವಿಬ್ಬರೂ ಜಡೆ ಹಿಡಿದು ಜಗಳವಾಡಿದ್ದೆವು. ನಿಮಗೆ ಆ ಉಪ್ಪಿಟ್ಟು ಬಾಯಿರುಚಿ. ಮನೆಗೆ ಹೋದರೆ ಊಟ ಇರುತ್ತಿತ್ತು. ನನಗೆ ಅದೇ ಊಟ. ಸಾಲಿನ ಕೊನೆಯಲ್ಲಿ, ಬೇರೆ ಕೂರಿಸಿ, ಎತ್ತರದಿಂದ ಹಾಕುತ್ತಿದ್ದರು. ಆದರೂ ಅದನ್ನು ತಿಂದೇ ಓದಿದೆ, ತಿಂದೇ ವಾರ್ಡನ್ ಆದೆ. ನಾನು ಕಾಣದ ಯಾರೋ, ನನಗೆ ಹೆಸರೂ ಹೇಳಲು ಬಾರದ ಊರಿನಿಂದ ಕಳಿಸಿದ್ದರು. ಮೊದಲು ನಿಮ್ಮೂರಿಗೆ ಬಸ್ಸು ಬರಲಿ ಎಂದು ಅವರನ್ನು ಯಾರೂ ತಡೆಯಲಿಲ್ಲ. ತರೀಕೆರೆಯಲ್ಲಿ ಇದನ್ನೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀವು ಮೈಕು ತೆಗೆದುಕೊಂಡಿರಿ.

ಇನ್ನೊಂದು. ನನ್ನ ಅವ್ವ ಹುಲಿಯಮ್ಮ ನಿಮ್ಮಪ್ಪನ ಹೊಲದಲ್ಲಿ, ತಿಮ್ಮಕ್ಕನ ಹೊಲದಲ್ಲಿ, ಊರಿನ ಎಲ್ಲರ ಹೊಲದಲ್ಲೂ ಕಳೆ ಕಿತ್ತವಳು. ಪಂಚನಹಳ್ಳಿಯ ಕೆರೆಯ ಹಿಂದೆ ನಮಗೂ ಸರ್ಕಾರ ಕೊಟ್ಟ ಒಂದು ತುಂಡು ದರಖಾಸ್ತು ಜಮೀನು ಇತ್ತಲ್ಲ, ಈಗ ತಮ್ಮ ಚಂದ್ರಕುಮಾರ್ ರಾಗಿ ಹಾಕಿದ್ದಾನೆ, ಅದೇ. ಚಿಕ್ಕವಳಿದ್ದಾಗ ಒಂದು ದಿನ, "ಅವ್ವಾ, ಅವ್ರು ನಮ್ಮ ಹೊಲಕ್ಕೆ ಯಾವತ್ತು ಬರ್ತಾರೆ?" ಎಂದು ಕೇಳಿದೆ. ಅವ್ವ ನಕ್ಕಳು. "ನಮ್ಮನ್ನ ಕೂಲಿಗೆ ಕರೀತಾರೆ ಮಗಾ, ಮುಯ್ಯಿಗಲ್ಲ" ಅಂದಳು. ಕೂಲಿ ಮುಗಿಸಿ ಬಂದು ತನ್ನ ಹೊಲದ ಕಳೆಯನ್ನು ಒಬ್ಬಳೇ ಕೀಳುತ್ತಿದ್ದಳು.

ಬಡ ದೇಶಗಳನ್ನೂ ಜಗತ್ತು ಹೀಗೇ ನಡೆಸಿಕೊಳ್ಳುತ್ತದೆ. ಕೂಲಿಗೆ ಕರೆಯುತ್ತದೆ, ಇಲ್ಲವೇ ಎತ್ತರದಿಂದ ದಾನ ಹಾಕುತ್ತದೆ. ಮುಯ್ಯಿಗೆ ಕರೆಯುವುದಿಲ್ಲ. ನಮ್ಮ ಪಕ್ಷವಾದರೂ ಕರೆಯಲಿ ಎಂಬುದು ನನ್ನ ಆಸೆ. ಪ್ರಸ್ತಾಪದಲ್ಲಿ ಇರುವುದು ಇಷ್ಟೇ.

ಕಡೂರಿನ ಸಭೆಗೆ ನಾನು ಬರುವುದಿಲ್ಲ. ಆ ನಗುವನ್ನು ಎರಡನೆಯ ಸಲ ಕೇಳುವ ಶಕ್ತಿ ನನಗಿಲ್ಲ, ಹೇಮಾವತಿ. ನೀವು ಕೈ ಎತ್ತುವುದು ಬಿಡುವುದು ನಿಮಗೆ ಸೇರಿದ್ದು.

ವನಜಾಕ್ಷಿ


ಪಂಚನಹಳ್ಳಿ
4 ನವೆಂಬರ್ 2025

ವನಜಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಮೂರು ಸಲ ಕೂತೆ, ಏನು ಬರೆದರೂ ಸುಳ್ಳು ಅನ್ನಿಸಿತು. ಓದಿ ಅತ್ತೆ, ಇಷ್ಟು ಮಾತ್ರ ನಿಜ. ಮೊನ್ನೆ ಕಡೂರಿನಲ್ಲಿ ಏನಾಯಿತು ಎಂದು ಹೇಳುತ್ತೇನೆ, ಅದನ್ನೇ ಉತ್ತರ ಅಂದುಕೋ.

ತಿಮ್ಮಕ್ಕನ ಗುಂಪೆಲ್ಲ ಲಗೇಜ್ ಟೆಂಪೋದಲ್ಲಿ ಬಂತು. ಯಾರಿಗೂ ಪಕ್ಷದ ಸದಸ್ಯತ್ವವಿಲ್ಲ. "ನಮ್ಮ ಮುಯ್ಯಿ ವಿಷಯ ಮಾತಾಡ್ತಾರಂತೆ" ಎಂದು ಬಂದು ಮುಂದಿನ ಸಾಲಿನಲ್ಲೇ ಕೂತರು. ಎಬ್ಬಿಸುವ ಧೈರ್ಯ ಯಾರಿಗಿದೆ?

ಸೋಮಶೇಖರಪ್ಪ ನಿನ್ನ ಪ್ರಸ್ತಾಪ ಓದಿ, "ಒಳ್ಳೇದೇ, ಆದ್ರೆ ನಮ್ಮ ಮೂರು ತಾಲ್ಲೂಕಲ್ಲಿ ಇದಕ್ಕೆ ಒಂದು ಓಟೂ ಬೀಳಲ್ಲ. ಗೌರವದಿಂದ ಕೈ ಬಿಡೋಣ" ಎಂದ. ಅದೇ ಉಸಿರಿನಲ್ಲಿ ಇನ್ನೊಂದು ಪ್ರಕಟಣೆ. ಚಿಸೊಮೊಳ ಸಂಘದವರು ಜನವರಿಗೆ ನಮ್ಮ ಕಡೆಯಿಂದ ಮೂವರನ್ನು ಕರೆದಿದ್ದಾರೆ, ರಾಜ್ಯ ಕಚೇರಿ ಕಳಿಸಿಕೊಡುತ್ತದೆ. ಹೋಗುವವರು ಯಾರು? ಅವನು, ಕಾರ್ಯದರ್ಶಿ, ಖಜಾಂಚಿ! ಬೀರೂರಿನಲ್ಲಿ ಆಗಲೇ ಕೋಟು ಹೊಲಿಸಿದ್ದಾನೆ ಮಾರಾಯ್ತಿ.

ತಿಮ್ಮಕ್ಕ ಎದ್ದು ನಿಂತಳು. "ಏನಪ್ಪಾ ಸೋಮಶೇಖರಪ್ಪ, ನಿಂಗೆ ಕಳೆ ಕೀಳಕ್ಕೆ ಬತ್ತದಾ?"

"ನಾವು ಅಧ್ಯಯನಕ್ಕೆ ಹೋಗ್ತಿರೋದು ಅಜ್ಜಿ."

"ತೀರಿಸ್ಬೇಕಿರೋದು ಕಳೆ ಕೀಳೋ ಮುಯ್ಯಿ. ಕೋಟು ಹಾಕ್ಕೊಂಡು ಸಾಲು ಹಿಡೀತೀಯಾ?"

ಹಾಲೆಲ್ಲ ನಕ್ಕಿತು. ತರೀಕೆರೆಯಲ್ಲಿ ನಿನ್ನನ್ನು ಕಂಡು ನಕ್ಕವರೇ ಇವರು, ಅದೇ ನಗು. ಈ ಸಲ ನನಗೆ ನಗು ಬರಲಿಲ್ಲ. ಹೋಗಿ ಮೈಕು ತೆಗೆದುಕೊಂಡೆ. "ಬಸ್ಸು ಬರ್ಲಿ ಅಂತ ಅಂದೋಳು ನಾನೇ. ಬಸ್ಸು ಈಗ್ಲೂ ಬೇಕು. ಆದ್ರೆ ಈ ಹಾಲಲ್ಲಿ ಅರವತ್ತರ ಹತ್ರ ಬಂದೋರು ಸುಮಾರು ಜನ ಇದೀರಿ. ಸ್ಕೂಲಲ್ಲಿ ಅಮೆರಿಕದ ಉಪ್ಪಿಟ್ಟು ತಿಂದಿಲ್ಲ ಅನ್ನೋರು ಕೈ ಎತ್ತಿ ನೋಡೋಣ" ಎಂದೆ. ಒಂದು ಕೈಯೂ ಏಳಲಿಲ್ಲ. "ತಿನ್ನೋವಾಗ, ಕಳ್ಸಿದೋರ ಊರಿಗೆ ಬಸ್ ಐತಾ ಅಂತ ಯಾರಾದ್ರೂ ಕೇಳಿದ್ವಾ? ಉಂಡೋರು ಬಡಿಸ್ಬೇಕು. ಎತ್ತರದಿಂದ ಹಾಕೋದಲ್ಲ, ಪಕ್ಕದಲ್ಲಿ ಕೂತ್ಕೊಂಡು. ವನಜಾಕ್ಷಿ ಹೇಳಿದ್ದು ಇಷ್ಟೇ, ನಾವು ಪೂರ್ತಿ ಕೇಳ್ಲಿಲ್ಲ. ಈಗ ಪರವಾಗಿರೋರು ಕೈ ಎತ್ತಿ."

ಅಜ್ಜಂಪುರದವರು ಒಟ್ಟಿಗೇ ಎತ್ತಿದರು. ನಮ್ಮ ಕಡೂರಿನವರು ಒಬ್ಬರನ್ನೊಬ್ಬರು ನೋಡಿಕೊಂಡು ಎತ್ತಿದರು. ತರೀಕೆರೆಯವರಲ್ಲಿ ಅರ್ಧ. ಗೆದ್ದಿತು ವನಜಾ, ನಿನ್ನ ಪ್ರಸ್ತಾಪ ಗೆದ್ದಿತು! ಸದಸ್ಯತ್ವವಿಲ್ಲದ ತಿಮ್ಮಕ್ಕ ಎರಡೂ ಕೈ ಎತ್ತಿದ್ದಳು, ಅದನ್ನು ಎಣಿಸಲಿಲ್ಲ. ಸೋಮಶೇಖರಪ್ಪ ಸುತ್ತ ನೋಡಿ, ಕೊನೆಗೆ ತಾನೂ ಎತ್ತಿದ, ಮಲಾವಿಯ ಮೂರು ಜಾಗವನ್ನೂ ಮುಯ್ಯಿಯವರಿಗೇ ಬಿಟ್ಟುಕೊಟ್ಟ. ಕೋಟನ್ನು ಮಗನ ಮದುವೆಗೆ ಹಾಕಿಕೊಳ್ಳುತ್ತಾನಂತೆ.

ಮಲಾವಿಗೆ ಹೊರಟವರು ನಾನು, ಪ್ರಿಯಾಂಕಾ. ತಿಮ್ಮಕ್ಕನನ್ನು ಕರೆದರೆ, "ಇಮಾನದಲ್ಲಿ ಎಲೆಅಡಿಕೆ ಉಗಿಯಕ್ಕೆ ಕಿಟಕಿ ತೆಗ್ಯಲ್ವಂತೆ, ನಾ ಒಲ್ಲೆ" ಎಂದಳು. ಮೂರನೆಯ ಆಳಿಗೆ ನಿನ್ನ ಹೆಸರು ಹೇಳಿದೆ. ನಿನ್ನ ಕಾಗದದಲ್ಲಿದ್ದ ನಿಮ್ಮವ್ವನ ಮಾತನ್ನೂ ಅವಳಿಗೆ ಹೇಳಿದೆ, ನಿನ್ನನ್ನು ಕೇಳದೆಯೇ. ತಿಮ್ಮಕ್ಕ ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದಳು. ಆಮೇಲೆ, "ಹಂಗಾರೆ ಸಮುದ್ರ ದಾಟೋ ಮುಂಚೆ ಕೆರೆ ಹಿಂದಕ್ಕೆ ಹೋಗ್ಬೇಕು" ಎಂದಳು.

ಅದಕ್ಕೇ ರಾಗಿ ಕೊಯ್ಲಿನ ಸುತ್ತು ಈ ಸಲ ನಿಮ್ಮವ್ವನ ಹೊಲದಿಂದ ಶುರು. 23ನೇ ತಾರೀಖು, ಭಾನುವಾರ. ಚಂದ್ರಕುಮಾರನಿಗೆ ಹೇಳಿಯಾಗಿದೆ. ಮುಯ್ಯಾಳಿಗೆ ಊಟ ಹಾಕುವುದು ಹೊಲದವರ ಕೆಲಸ, ಅದು ಕಟ್ಟಳೆ. ನಾವು ಬುತ್ತಿ ತರುವುದಿಲ್ಲ. ಎಲ್ಲರೂ ನಿಮ್ಮ ಮನೆಯಲ್ಲೇ ಉಣ್ಣುತ್ತೇವೆ. ತಿಮ್ಮಕ್ಕನ ಸೊಸೆ ಏನೋ ಗೊಣಗಿದಳು. "ಹಸಿವಾದ್ರೆ ಉಣ್ತೀಯ, ಇಲ್ದಿದ್ರೆ ಬಿಡ್ತೀಯ" ಎಂದು ತಿಮ್ಮಕ್ಕ ಬಾಯಿ ಮುಚ್ಚಿಸಿದಳು.

ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ನನ್ನ ಪಕ್ಕದ ಸಾಲು ಹಿಡಿ. ನಿನ್ನನ್ನು ಬಿಟ್ಟು ನನಗೆ ಈ ಏಳು ತಿಂಗಳು ಚೆನ್ನಾಗಿರಲಿಲ್ಲ.

ನಿನ್ನ
ಹೇಮಾ


ಶಿವನಿ
10 ನವೆಂಬರ್ 2025

ಹೇಮಾ,

ನಿನ್ನ ಕಾಗದವನ್ನು ಅಂಚೆಯವನ ಎದುರಿಗೇ ಒಡೆದು ಓದಿದೆ. "ಯಾಕ್ ಮೇಡಂ, ಕೆಟ್ಟ ಸುದ್ದಿಯಾ?" ಎಂದು ಕೇಳಿದ ಪಾಪ. ಒಳಗೆ ಕರೆದು ಕಾಫಿ ಕೊಟ್ಟು ಕಳಿಸಿದೆ.

ಪ್ರಸ್ತಾಪ ಗೆದ್ದದ್ದು ಸಂತೋಷ. ಪಕ್ಷದಲ್ಲಿ ಇರುತ್ತೇನೆ, ಸೋಮಶೇಖರಪ್ಪನಿಗೆ ತಿಳಿಸು, ಅವನಿಗೆ ಬೇಜಾರಾದರೂ ಆಗಲಿ. ಪಾಸ್‌ಪೋರ್ಟಿಗೂ ಅರ್ಜಿ ಹಾಕುತ್ತೇನೆ. ಕಳೆ ಕಿತ್ತು ಬಹಳ ವರ್ಷವಾಯಿತು, ಚಿಸೊಮೊ ಬೈದರೆ ನೀನೇ ಸಮಾಧಾನ ಮಾಡಬೇಕು.

ನಾನು ಹಿಂದಿನ ದಿನವೇ ರೈಲಿಗೆ ಬರುತ್ತೇನೆ. ಚಂದ್ರಕುಮಾರನಿಗೆ ಹೇಳಿ ಒಲೆ ಹೂಡಿಸಿದ್ದೇನೆ. ಎಷ್ಟು ಜನ ಬರುತ್ತೀರಿ, ಬರೆ. ಮಧ್ಯಾಹ್ನಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಬೆಳಗ್ಗೆ ಉಪ್ಪಿಟ್ಟು. ಹಳದಿ ಹಿಟ್ಟು ಈಗೆಲ್ಲೂ ಸಿಗುವುದಿಲ್ಲ, ರವೆಯದು. ನಾನೇ ಬಡಿಸುತ್ತೇನೆ, ಯಾರೂ ಸಾಲಿನ ಕೊನೆ ಎಂದು ಇರುವುದಿಲ್ಲ. ದುಂಡಗೆ ಕೂರೋಣ.

ಅವ್ವ ಇದ್ದಿದ್ದರೆ ನಂಬುತ್ತಿರಲಿಲ್ಲ. ಹೊಲದ ತುಂಬ ಜನ ಕಂಡು, ಯಾರದೋ ಹೊಲ ಎಂದುಕೊಂಡು ಕೂಲಿಗೆ ನಿಲ್ಲುತ್ತಿದ್ದಳು.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಒಂದು ಮಾತಿಗೆ ಕಾಗದದಲ್ಲೇ ಉತ್ತರ ಬರೆ, ಇಟ್ಟುಕೊಳ್ಳಬೇಕು. ನಮ್ಮ ಹೊಲ 23ಕ್ಕೆ ಆಯಿತು. ನಿನ್ನ ಹೊಲಕ್ಕೆ ನಾನು ಯಾವತ್ತು ಬರಬೇಕು?

ನಿನ್ನ
ವನಜಾ